ಪೈಥಾನ್‌ನ ವರ್ಚುವಲ್ ಎನ್ವಿರಾನ್‌ಮೆಂಟ್

ಒಂದೇ ಕಂಪ್ಯೂಟರಿನಲ್ಲಿರುವ ಹಲವು ಪೈಥಾನ್ ಯೋಜನೆಗಳ ಲೈಬ್ರರಿಗಳು, ಅಂದರೆ ಸಿದ್ಧ ಕ್ರಮವಿಧಿಗಳ ಕಟ್ಟುಗಳು, ಒಂದರೊಡನೊಂದು ಬೆರೆಯದಂತೆ ಪ್ರತಿಯೊಂದು ಯೋಜನೆಗೂ ಪ್ರತ್ಯೇಕವಾಗಿ ರಚಿಸುವ ಫೋಲ್ಡರ್ ವ್ಯವಸ್ಥೆಗೆ ವರ್ಚುವಲ್ ಎನ್ವಿರಾನ್‌ಮೆಂಟ್ ಎಂದು ಹೆಸರು. ಪೈಥಾನ್ ತನ್ನ ಸೈಟ್-ಪ್ಯಾಕೇಜಸ್ ಫೋಲ್ಡರಿನಲ್ಲಿ ಯಾವುದೇ ಲೈಬ್ರರಿಯ ಒಂದು ಆವೃತ್ತಿಯನ್ನಷ್ಟೇ ಇರಿಸಿಕೊಳ್ಳುವುದರಿಂದ, ಜಾಲತಾಣ ಕಟ್ಟಲು ಬಳಸುವ ಜಾಂಗೋ ಎಂಬ ಲೈಬ್ರರಿಯಲ್ಲಿ ಹಳೆಯ ತಾಣಕ್ಕೆ ಜಾಂಗೋ 4.2 ಮತ್ತು ಹೊಸದಕ್ಕೆ ಜಾಂಗೋ 5.0 ಬೇಕಾದಾಗ ಈ ಪ್ರತ್ಯೇಕತೆ ಅನಿವಾರ್ಯವಾಗುತ್ತದೆ.

ಇಯಾನ್ ಬಿಕಿಂಗ್ 2007ರಲ್ಲಿ ಹೊರತಂದ ವರ್ಚುವಲ್‌ಎನ್ವ್ ಎಂಬ ಸಾಧನದಿಂದ ಈ ಪದ್ಧತಿ ಬಳಕೆಗೆ ಬಂತು. 2012ರಲ್ಲಿ ಬಿಡುಗಡೆಯಾದ ಪೈಥಾನ್ 3.3ರಲ್ಲಿ ವೆನ್ವ್ ಎಂಬ ಹೆಸರಿನಿಂದ ಈ ಪದ್ಧತಿ ಭಾಷೆಯೊಳಗೇ ಸೇರಿತು. ಇದರ ರಚನೆ ಬಹಳ ಸರಳ. ಹೊಸ ಫೋಲ್ಡರಿನಲ್ಲಿ ಮೂಲ ಪೈಥಾನಿಗೆ ಒಂದು ಕೊಂಡಿ ಅಥವಾ ಅದರ ನಕಲು, ಮೂಲ ಪೈಥಾನ್ ಎಲ್ಲಿದೆಯೆಂದು ತಿಳಿಸುವ ಪೈವೆನ್ವ್.ಸಿಎಫ್‌ಜಿ ಎಂಬ ಸಣ್ಣ ಕಡತ ಮತ್ತು ಬೇರೆಯದೇ ಆದ ಸೈಟ್-ಪ್ಯಾಕೇಜಸ್ ಇರುತ್ತವೆ. ಆಕ್ಟಿವೇಟ್ ಆಜ್ಞೆ ಮುಖ್ಯವಾಗಿ ಮಾಡುವುದು, ಕಂಪ್ಯೂಟರು ಆಜ್ಞೆಗಳನ್ನು ಹುಡುಕುವ ಪಾತ್ ಎಂಬ ಪಟ್ಟಿಯ ಆರಂಭದಲ್ಲಿ ಈ ಫೋಲ್ಡರಿನೊಳಗಿನ, ಆಜ್ಞೆಗಳಿರುವ ಉಪಫೋಲ್ಡರನ್ನು ಇರಿಸುವ ಕೆಲಸವನ್ನು. ಆದ್ದರಿಂದ ಅದನ್ನು ಬಳಸದೆ ಫೋಲ್ಡರಿನೊಳಗಿನ ಪೈಥಾನನ್ನು ಪೂರ್ಣ ವಿಳಾಸದಿಂದ ಕರೆದರೂ ಫಲ ಒಂದೇ.

ವೆನ್ವ್ ಬೇರ್ಪಡಿಸುವುದು ಲೈಬ್ರರಿಗಳನ್ನೇ ಹೊರತು ಪೈಥಾನಿನ ಆವೃತ್ತಿಯನ್ನಲ್ಲ ಎಂಬುದನ್ನು ಹೊಸಬರು ಮೊದಲು ಗ್ರಹಿಸಬೇಕು. ಯಾವ ಪೈಥಾನಿನಿಂದ ಎನ್ವಿರಾನ್‌ಮೆಂಟ್ ರಚಿತವಾಯಿತೋ ಅದೇ ಆವೃತ್ತಿ ಅದರೊಳಗೂ ಇರುತ್ತದೆ. ಜಾಂಗೋ 4.2 ಪೈಥಾನ್ 3.8ರಲ್ಲಿಯೂ ನಡೆಯುವುದಾದರೂ ಜಾಂಗೋ 5.0ಕ್ಕೆ ಕನಿಷ್ಠ 3.10 ಬೇಕಾಗುವುದರಿಂದ ಎರಡು ಪೈಥಾನುಗಳು ಜೊತೆಗಿರಬೇಕಾದ ಸಂದರ್ಭಗಳು ಸಾಮಾನ್ಯ. ರೂಬಿ ಭಾಷೆಯ ಆರ್‌ಬಿಎನ್ವ್ ಮಾದರಿಯಲ್ಲಿ ರೂಪುಗೊಂಡ ಪೈಎನ್ವ್ ಎಂಬ ಸಾಧನ ಈ ಕೆಲಸಕ್ಕೆಂದೇ ಇದ್ದು, ಯೋಜನೆಯ ಫೋಲ್ಡರಿನ .ಪೈಥಾನ್-ವರ್ಶನ್ ಕಡತವನ್ನು ಓದಿ ತಕ್ಕ ಆವೃತ್ತಿಯನ್ನು ಒದಗಿಸುತ್ತದೆ. 2024ರಲ್ಲಿ ಬಂದ, ರಸ್ಟ್ ಭಾಷೆಯಲ್ಲಿ ಬರೆಯಲಾದ ಯುವಿ ಎಂಬ ಸಾಧನ ಆವೃತ್ತಿ ನಿರ್ವಹಣೆ ಮತ್ತು ಎನ್ವಿರಾನ್‌ಮೆಂಟ್ ರಚನೆ ಎರಡನ್ನೂ ಒಟ್ಟಿಗೆ ಅತಿ ವೇಗವಾಗಿ ನೆರವೇರಿಸುತ್ತದೆ.

ಲಿನಕ್ಸ್ ವ್ಯವಸ್ಥೆಗಳ ಹಲವು ಆಂತರಿಕ ಸಾಧನಗಳು ಪೈಥಾನನ್ನೇ ಅವಲಂಬಿಸಿರುವುದರಿಂದ ವ್ಯವಸ್ಥೆಯ ಪೈಥಾನಿಗೆ ನೇರವಾಗಿ ಲೈಬ್ರರಿ ಸೇರಿಸುವುದು ಅಪಾಯಕರ. 2023ರ ಡೆಬಿಯನ್ 12 ಎಂಬ ಲಿನಕ್ಸ್ ವ್ಯವಸ್ಥೆಯಲ್ಲಿ, ಲೈಬ್ರರಿಗಳನ್ನು ಸ್ಥಾಪಿಸುವ ಸಾಧನವಾದ ಪಿಪ್ ಅಂತಹ ಪ್ರಯತ್ನವನ್ನು ತಡೆದು ವೆನ್ವ್ ಬಳಸುವಂತೆ ಸೂಚಿಸುತ್ತದೆ. ಎನ್ವಿರಾನ್‌ಮೆಂಟಿನ ಕಡತಗಳಲ್ಲಿ ಪೂರ್ಣ ವಿಳಾಸಗಳು ಅಚ್ಚಾಗಿರುವುದರಿಂದ ಅದನ್ನು ಬೇರೆ ಜಾಗಕ್ಕೆ ಸ್ಥಳಾಂತರಿಸುವುದೂ ಕಡತಗಳ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಸೇರಿಸುವುದೂ ಸರಿಯಲ್ಲ. ಉಳಿಸಿಕೊಳ್ಳಬೇಕಾದುದು ಲೈಬ್ರರಿಗಳ ಹೆಸರು ಮತ್ತು ಆವೃತ್ತಿಗಳನ್ನು ದಾಖಲಿಸುವ ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ ಕಡತ, ಅದಿದ್ದರೆ ಎನ್ವಿರಾನ್‌ಮೆಂಟನ್ನು ಅಳಿಸಿ ಮತ್ತೆ ರಚಿಸಬಹುದು.