ಚಹದಂಗಡಿಯ ಲೆಕ್ಕ

ನಮ್ಮ ಮನೆಯ ಹಾಲಿನ ಲೆಕ್ಕ ಇರುವುದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ. ದಿನಕ್ಕೊಂದು ಲೀಟರು ಎಂಬುದು ಹಾಲಿನವಳಿಗೂ ಗೊತ್ತು, ನನಗೂ ಗೊತ್ತು. ಅದನ್ನು ಯಾರೂ ಬರೆದಿಡುವುದಿಲ್ಲ. ನೆಂಟರು ಬಂದ ದಿನ ‘ಅರ್ಧ ಹೆಚ್ಚು’, ಊರಿಗೆ ಹೋದ ದಿನ ಒಂದು ಅಡ್ಡಗೀಟು, ಅಷ್ಟೆ. ತಿಂಗಳ ಕೊನೆಗೆ ಅವನ್ನು ಕೂಡಿ ಕಳೆದರೆ ಹಣ ಎಷ್ಟೆಂದು ತಿಳಿಯುತ್ತದೆ. ಇದನ್ನು ಕಲಿಸಿದವರು ನಮ್ಮ ಅತ್ತೆ. ವ್ಯಾಪಾರದ ಕಚೇರಿಯಲ್ಲಿ ದುಡಿದ ಮೊಟ್ಟಮೊದಲ ಕಂಪ್ಯೂಟರು ಕೂಡ ಇದೇ ಉಪಾಯ ಹಿಡಿದಿತ್ತೆಂದು ಓದಿದಾಗ ನಾನು ಪುಸ್ತಕ ಮಡಚಿ ಆ ಕ್ಯಾಲೆಂಡರನ್ನು ಒಮ್ಮೆ ನೋಡಿದೆ. ಆ ಕಂಪ್ಯೂಟರು ಯುದ್ಧದವರದಲ್ಲ, ಬ್ಯಾಂಕಿನವರದೂ ಅಲ್ಲ. ಲಂಡನ್ನಿನ ಚಹದಂಗಡಿಯವರದು!

ಜೆ. ಲಯನ್ಸ್ ಅಂಡ್ ಕಂಪನಿ ತನ್ನ ಮೊದಲ ಚಹದಂಗಡಿಯನ್ನು ಪಿಕಡಿಲಿ ರಸ್ತೆಯಲ್ಲಿ ತೆರೆದದ್ದು 1894ರಲ್ಲಿ. ಮುಂದೆ ಅಂತಹ ಅಂಗಡಿಗಳು 200ನ್ನೂ ದಾಟಿದವು. ಬಿಳಿ ಮತ್ತು ಚಿನ್ನದ ಬಣ್ಣದ ಹಲಗೆ, ಒಳಗೆ ಕಪ್ಪು ಉಡುಪಿನ ಮೇಲೆ ಬಿಳಿ ಏಪ್ರನ್ ಕಟ್ಟಿದ ಹುಡುಗಿಯರು. ಚುರುಕಾಗಿ ಓಡಾಡುತ್ತಾರೆಂದು ಅವರಿಗೆ ‘ನಿಪ್ಪಿ’ ಎಂದೇ ಹೆಸರು. ಒಂಟಿ ಹೆಂಗಸು ಅಂಜಿಕೆಯಿಲ್ಲದೆ ಹೋಗಿ ಕೂತು ಒಂದು ಕಪ್ಪು ಚಹ ಕುಡಿಯಬಹುದಾದ ಜಾಗ. ಆದರೆ ಒಂದು ಕಪ್ಪು ಚಹಕ್ಕೆ, ಒಂದು ಬನ್ನಿಗೆ ಬರುವ ಲಾಭವೆಷ್ಟು? ಆ ಚಿಲ್ಲರೆ ಲಾಭವನ್ನೆಲ್ಲ ಲೆಕ್ಕದ ಗುಮಾಸ್ತರ ಸಂಬಳವೇ ತಿಂದುಹಾಕುವ ಪರಿಸ್ಥಿತಿ. 1923ರಲ್ಲಿ ಕೇಂಬ್ರಿಜ್ಜಿನಿಂದ ಗಣಿತ ಓದಿ ಬಂದು ಸೇರಿದ ಜಾನ್ ಸಿಮನ್ಸ್ ಎಂಬಾತ ಈ ಕಾಗದಪತ್ರಗಳ ಕೆಲಸವನ್ನು ಹಗುರ ಮಾಡುವುದು ಹೇಗೆಂದು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದ.

1947ರಲ್ಲಿ ಕಂಪನಿಯ ಇಬ್ಬರು ಅಧಿಕಾರಿಗಳು ಕಚೇರಿ ನಡೆಸುವ ಹೊಸ ರೀತಿಗಳನ್ನು ನೋಡಿ ಬರಲು ಅಮೆರಿಕಕ್ಕೆ ಹೋದರು. ಅಲ್ಲಿನ ವಿದ್ವಾಂಸರು ಎಲೆಕ್ಟ್ರಾನಿಕ್ ಯಂತ್ರದ ವಿಷಯ ಹೇಳಿ, ನಿಮ್ಮ ಕೇಂಬ್ರಿಜ್ಜಿನಲ್ಲೇ ವಿಲ್ಕ್ಸ್ ಎಂಬುವರು ಒಂದನ್ನು ಕಟ್ಟುತ್ತಿದ್ದಾರಲ್ಲ, ಎಂದು ತೋರಿಸಿಕೊಟ್ಟರು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಎಲ್ಲ ದೇಶದವರಿಗೂ ಒಪ್ಪುತ್ತದೆ. ಲಯನ್ಸ್‌ನವರು ವಿಲ್ಕ್ಸ್‌ಗೆ 3,000 ಪೌಂಡು ಕೊಟ್ಟರು, ತಮ್ಮ ಒಬ್ಬ ತಂತ್ರಜ್ಞನನ್ನೂ ಕಳಿಸಿದರು. 1949ರ ಮೇ ತಿಂಗಳಲ್ಲಿ ಆ ಯಂತ್ರ ನಡೆದದ್ದೇ ತಡ, ಅದೇ ಮಾದರಿಯಲ್ಲಿ ತಮ್ಮದೊಂದನ್ನು ಕಟ್ಟಲು ಹೊರಟರು. ಕೊಳ್ಳೋಣವೆಂದರೆ ಕಚೇರಿ ಕೆಲಸಕ್ಕೆ ಹೊಂದುವ ಯಂತ್ರವನ್ನು ಯಾರೂ ಮಾರುತ್ತಿರಲಿಲ್ಲ. ಹೀಗೆ ಬಿಸ್ಕತ್ತು ಮಾಡುವವರು ಕಂಪ್ಯೂಟರು ಮಾಡಿದರು. ಲಂಡನ್ನಿನ ಕ್ಯಾಡ್ಬಿ ಹಾಲ್ ಎಂಬಲ್ಲಿ ಬೇಕರಿಗಳ ನಡುವೆಯೇ ಅದರ ಕೋಣೆ. ಸಾವಿರಾರು ಗಾಜಿನ ವಾಲ್ವುಗಳು, ನೆನಪಿಟ್ಟುಕೊಳ್ಳಲು ಪಾದರಸ ತುಂಬಿದ ಉದ್ದನೆಯ ಕೊಳವೆಗಳು. ಹೆಸರು ‘ಲಿಯೋ’. 1951ರಲ್ಲಿ ಅದು ಬೇಕರಿಯ ಬೆಲೆಲೆಕ್ಕ ಮಾಡಲು ಶುರುಮಾಡಿತು. ಆಮೇಲೆ ಸಂಬಳದ ಲೆಕ್ಕ. ಗುಮಾಸ್ತರೊಬ್ಬರು 8 ನಿಮಿಷ ಹಿಡಿಯುತ್ತಿದ್ದ ಒಬ್ಬ ನೌಕರನ ಲೆಕ್ಕವನ್ನು ಲಿಯೋ ಒಂದೂವರೆ ಸೆಕೆಂಡಿನಲ್ಲಿ ಮುಗಿಸುತ್ತಿತ್ತಂತೆ.

ನನಗೆ ಹಿಡಿಸಿದ್ದು ವೇಗವಲ್ಲ, 1954ರ ಅಕ್ಟೋಬರಿನಲ್ಲಿ ಶುರುವಾದ ಚಹದಂಗಡಿಗಳ ಆರ್ಡರಿನ ಕೆಲಸ. ಮೊದಲು ಪ್ರತಿ ಅಂಗಡಿಯನ್ನು ನೋಡಿಕೊಳ್ಳುತ್ತಿದ್ದ ಮೇಲ್ವಿಚಾರಕಿ, ನಾಳೆಗೆ ಬ್ರೆಡ್ಡೆಷ್ಟು, ಕೇಕೆಷ್ಟು, ಕಡುಬೆಷ್ಟು ಎಂದು ಉದ್ದುದ್ದ ಫಾರಂಗಳನ್ನು ದಿನವೂ ತುಂಬಿಸಬೇಕಿತ್ತು. ದಿನವಿಡೀ ನಿಂತೇ ಇದ್ದ ಕಾಲು, ಮೇಲೆ ಈ ಬರವಣಿಗೆ. ಕೆಲಸದ ವಿಧಾನವನ್ನು ರೂಪಿಸಿದ ಡೇವಿಡ್ ಕ್ಯಾಮಿನರ್ ಮತ್ತು ಅವನ ಜೊತೆಯವರು ಆ ಫಾರಂಗಳನ್ನು ಹಾಗೆಹಾಗೆಯೇ ಯಂತ್ರಕ್ಕೆ ತುರುಕಲಿಲ್ಲ. ಸೋಮವಾರಕ್ಕೆ ಇಷ್ಟು, ಶನಿವಾರಕ್ಕೆ ಇಷ್ಟು ಎಂದು ಪ್ರತಿ ಅಂಗಡಿಗೂ ವಾರದ ವಾಡಿಕೆಯ ಆರ್ಡರನ್ನು ಗೊತ್ತುಮಾಡಿದರು. ಬದಲಾವಣೆಯಿದ್ದರೆ ಮಾತ್ರ ಹೇಳಿದರೆ ಸಾಕು. ಮಧ್ಯಾಹ್ನ ಗೊತ್ತಾದ ವೇಳೆಗೆ ಕ್ಯಾಡ್ಬಿ ಹಾಲಿನಿಂದ ಅಂಗಡಿಗೆ ಸಂಪರ್ಕ. ಬನ್ನು ಇಷ್ಟು ಹೆಚ್ಚು, ಕೇಕು ಇಷ್ಟು ಕಡಿಮೆ. ಈ ತುದಿಯಲ್ಲಿ ಕಿವಿಗೆ ಹೆಡ್‌ಫೋನು ಹಾಕಿಕೊಂಡವರು ಕೇಳುತ್ತ ಕೇಳುತ್ತಲೇ ಕಾರ್ಡಿನಲ್ಲಿ ತೂತು ಹೊಡೆಯುತ್ತಿದ್ದರು. ಲಿಯೋ ಆ ಕಾರ್ಡುಗಳನ್ನು ಓದಿ, ಒಟ್ಟು ಎಷ್ಟು ತಯಾರಾಗಬೇಕು, ಯಾವ ಅಂಗಡಿಗೆ ಏನು ಕಟ್ಟಿ ಕಳಿಸಬೇಕು ಎಂಬುದನ್ನು ಅಚ್ಚುಹಾಕಿ ಕೊಡುತ್ತಿತ್ತು.

ಕ್ಯಾಲೆಂಡರಿನ ಗೀಟಲ್ಲದೆ ಇದು ಮತ್ತೇನು! ಮಳೆ ಬಂದರೆ ಗಿರಾಕಿ ಬರುವುದಿಲ್ಲ, ಪಕ್ಕದ ಆಫೀಸಿಗೆ ರಜೆಯಾದರೆ ಬನ್ನು ಮಿಕ್ಕುತ್ತದೆ ಎಂಬುದು ಪಾದರಸದ ಕೊಳವೆಗೆ ತಿಳಿಯುವುದಲ್ಲ. ಅದು ಅಂಗಡಿಯಲ್ಲಿ ನಿಂತಿದ್ದ ಹೆಂಗಸಿಗೇ ತಿಳಿಯಬೇಕು. ಹಾಗೆಂದು ಎಲ್ಲ ಒಳ್ಳೆಯದೇ ಆಯಿತೆಂದು ನಾನು ಹೇಳಲಾರೆ. ದಿನವಿಡೀ ಅಂಕಿ ಕೂಡುತ್ತಿದ್ದ ಮೇಜುಗಳಲ್ಲಿ ಕೂತವರು ಬಹುಪಾಲು ಹುಡುಗಿಯರೇ. ಯಂತ್ರ ಕಸಿದುಕೊಂಡದ್ದು ಆ ಕೆಲಸವನ್ನೇ. ಬೇಸರದ ಕೆಲಸ ನಿಜ, ಆದರೆ ತಿಂಗಳ ಸಂಬಳ ಬೇಸರದ್ದಲ್ಲವಲ್ಲ.

ಅಂತಹ ಕಚೇರಿಯಿಂದಲೇ ಮೇಲೆ ಬಂದವರೊಬ್ಬರು ಮೇರಿ ಕೂಂಬ್ಸ್. ಕಾಲೇಜಿನಲ್ಲಿ ಓದಿದ್ದು ಫ್ರೆಂಚ್. ಲಯನ್ಸ್‌ನ ಐಸ್‌ಕ್ರೀಂ ವಿಭಾಗದ ಕಚೇರಿಯಲ್ಲಿದ್ದರು. 1952ರಲ್ಲಿ ಕಂಪ್ಯೂಟರಿಗೆ ತಕ್ಕವರನ್ನು ಆರಿಸಲು ಕಂಪನಿ ಒಂದು ತರಗತಿ ನಡೆಸಿದಾಗ ಸೇರಿ, ಆಯ್ಕೆಯಾದರು. ವ್ಯಾಪಾರದ ಕಂಪ್ಯೂಟರಿಗೆ ಪ್ರೋಗ್ರಾಂ ಬರೆದ ಮೊದಲ ಮಹಿಳೆ ಎಂದು ಅವರನ್ನು ಈಗ ಗುರುತಿಸುತ್ತಾರೆ. ಸಂಬಳದ ಲೆಕ್ಕದ ಪ್ರೋಗ್ರಾಂಗಳನ್ನು ಬರೆದರು, ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕಿ ಕೊಟ್ಟರು. ಮಗಳು ಹುಟ್ಟಿನಿಂದ ಅಸ್ವಸ್ಥೆ. ಅವಳ ಆರೈಕೆಗೆಂದು 1960ರ ದಶಕದಲ್ಲಿ ಪೂರ್ಣಾವಧಿಯ ಕೆಲಸ ಬಿಟ್ಟು, ಕೆಲವು ಕಾಲ ಕಂಪ್ಯೂಟರಿನ ಕೈಪಿಡಿಗಳನ್ನು ತಿದ್ದುತ್ತಿದ್ದರು. ಆ ಮಗು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿತು. ಮುಂದೆ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದರು. ಮೊದಲ ಲಿಯೋವನ್ನು ನಿಲ್ಲಿಸಿದ್ದು 1965ರಲ್ಲಿ. ಮೇರಿಯವರು 2022ರವರೆಗೆ ಬದುಕಿದ್ದರು. ಆಗ ಅವರಿಗೆ 93 ವರ್ಷ.