ರೇಡಿಯಮ್ ಧಾತುವೂ ಗಡಿಯಾರದ ಹೆಣ್ಣುಮಕ್ಕಳೂ

1898ನೆಯ ಇಸವಿಯಲ್ಲಿ ಪ್ಯಾರಿಸ್ ನಗರದ ಕ್ಯೂರಿ ದಂಪತಿಗಳು ರೇಡಿಯಮ್ ಎಂಬ ಧಾತುವನ್ನು ಕಂಡುಹಿಡಿದರೆಂಬುದನ್ನು ವಾಚಕರು ಬಲ್ಲರು. ಅದರ ತೇಜಸ್ಸು ಚರ್ಮವನ್ನು ಸುಡುವುದೆಂಬ ಸಂಗತಿಯೂ ಬಹುಕಾಲ ಗುಪ್ತವಾಗಿರಲಿಲ್ಲ. 1901ರಲ್ಲಿ ಬೆಕೆರೆಲ್ ಪಂಡಿತನು ರೇಡಿಯಮ್ ತುಂಬಿದ ನಳಿಗೆಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗಲಾಗಿ, ಕೆಲವು ದಿನಗಳ ಮೇಲೆ ಅಲ್ಲಿ ಹುಣ್ಣೆದ್ದಿತು. ಆದರೆ ಹೊರಗಿನಿಂದ ಸುಡುವ ವಸ್ತುವು ಒಳಹೊಕ್ಕರೆ ಏನಾದೀತೆಂದು ವಿಚಾರಿಸಿದವರು ವಿರಳ. ಅದನ್ನು ನೀರಿನಲ್ಲಿ ಬೆರೆಸಿ ಬಲವರ್ಧಕವೆಂದು ಮಾರಿದವರುಂಟು.

ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದ ಆರೆಂಜ್ ಎಂಬ ಊರಿನಲ್ಲಿ 1917ರಲ್ಲಿ ಒಂದು ಕಾರ್ಖಾನೆ ಮೊದಲಾಯಿತು. ಕತ್ತಲೆಯಲ್ಲಿ ಹೊಳೆಯುವ ಗಡಿಯಾರಗಳಿಗೆ ರೇಡಿಯಮ್ ಬೆರೆತ ಬಣ್ಣದಿಂದ ಅಂಕೆಗಳನ್ನು ಬರೆಯುವುದು ಅಲ್ಲಿಯ ತರುಣಿಯರ ಕೆಲಸ. ಅಂಕೆಗಳು ಸಣ್ಣವು, ಕುಂಚದ ಮೊನೆ ಚೂಪಾಗಿರಬೇಕು. ಮನೆಯ ಹೆಂಗಸರು ಸೂಜಿಗೆ ಪೋಣಿಸುವ ದಾರವನ್ನು ಬಾಯಲ್ಲಿ ಒದ್ದೆಮಾಡುವಂತೆ, ಕುಂಚವನ್ನು ತುಟಿಗಳ ನಡುವೆ ತಿರುವಿ ಚೂಪುಮಾಡಬೇಕೆಂದು ಅವರಿಗೆ ಕಲಿಸಿದ್ದರು. ಒಂದೊಂದು ಗಡಿಯಾರಕ್ಕೂ ಹಲವು ಸಲ ಹೀಗೆಯೇ. ಅದೇ ಕಾರ್ಖಾನೆಯ ರಸಾಯನಜ್ಞರಾದರೋ ಸೀಸದ ಮರೆಯಲ್ಲಿ ನಿಂತು ಇಕ್ಕಳದಿಂದ ಆ ವಸ್ತುವನ್ನು ಮುಟ್ಟುತ್ತಿದ್ದರು!

ಶರೀರವು ರೇಡಿಯಮನ್ನು ಸುಣ್ಣದಂಶವೆಂದೇ ಭ್ರಮಿಸಿ ಎಲುಬಿನಲ್ಲಿ ಸೇರಿಸಿಕೊಳ್ಳುತ್ತದೆ. ಚರ್ಮವನ್ನೂ ದಾಟಲಾರದ ಅದರ ಆಲ್ಫಾ ಕಣಗಳು ಅಲ್ಲಿ ಮಜ್ಜೆಯ ನೆರೆಯಲ್ಲಿದ್ದು ಹಗಲಿರುಳೂ ಹೊಡೆಯುತ್ತವೆ. ಆ ತರುಣಿಯರ ಹಲ್ಲುಗಳುದುರಿದವು, ದವಡೆ ಕೊಳೆಯಿತು, ರಕ್ತ ಕ್ಷೀಣಿಸಿತು. 1924ರಲ್ಲಿ ಹಾರ್ವರ್ಡಿನ ಡ್ರಿಂಕರ್ ಪಂಡಿತರು ಪರೀಕ್ಷಿಸಿ ದೋಷವು ಕಾರ್ಖಾನೆಯಲ್ಲಿಯೇ ಇದೆಯೆಂದು ಬರೆದುಕೊಟ್ಟರೆ, ಯಜಮಾನರು ಆ ವರದಿಯನ್ನು ತಿರುಚಿ, ಎಲ್ಲರೂ ಆರೋಗ್ಯದಿಂದಿದ್ದಾರೆಂದು ಸರ್ಕಾರಕ್ಕೆ ಕಳುಹಿಸಿದರು. ಅಜ್ಞಾನಕ್ಕೆ ಕ್ಷಮೆಯುಂಟು; ಇದಕ್ಕೇನು ಹೆಸರಿಡಬೇಕು? ಮರುವರ್ಷ ಮಾರ್ಟ್‌ಲ್ಯಾಂಡ್ ವೈದ್ಯನು ರೋಗಿಗಳ ಉಸಿರಿನಲ್ಲಿಯೂ ಮೃತರ ಎಲುಬಿನಲ್ಲಿಯೂ ರೇಡಿಯಮ್ಮಿನ ಕುರುಹನ್ನು ಅಳೆದು ತೋರಿಸಿದನು.

ಗ್ರೇಸ್ ಫ್ರಾಯರ್ ಎಂಬಾಕೆ 1927ರಲ್ಲಿ ನ್ಯಾಯಸ್ಥಾನವನ್ನು ಸೇರಿದಳು. ಇನ್ನು ನಾಲ್ವರು ಜೊತೆಗೂಡಿದರು. ಎರಡು ವರ್ಷಗಳೊಳಗೆ ದಾವೆ ಹೂಡಲಿಲ್ಲವೆಂದು ಪ್ರತಿವಾದಿಗಳ ಆಕ್ಷೇಪಣೆ. ರೋಗವು ತಲೆದೋರುವುದಕ್ಕೇ ಅದಕ್ಕಿಂತ ಹೆಚ್ಚು ಕಾಲ ಬೇಕಷ್ಟೆ! 1928ರಲ್ಲಿ ರಾಜಿಯಾಗಿ, ಒಬ್ಬೊಬ್ಬರಿಗೆ 10,000 ಡಾಲರುಗಳೂ ವರ್ಷಾಶನವಾಗಿ 600 ಡಾಲರುಗಳೂ ವೈದ್ಯವೆಚ್ಚವೂ ದೊರೆತವು.

ಸುರಕ್ಷಿತತೆಯ ಮೊದಲ ಅಳತೆಯೂ ಇಂಥವರ ದೇಹದಿಂದಲೇ ಹೊರಟಿತು. ರಾಬ್ಲಿ ಇವಾನ್ಸ್ ಪಂಡಿತನು ಅವರಲ್ಲಿ ಬದುಕಿದ್ದವರನ್ನು ಪರೀಕ್ಷಿಸಿ ಪಡೆದ ಲೆಕ್ಕದ ಮೇಲೆ, ಶರೀರದಲ್ಲಿ ರೇಡಿಯಮ್ 0.1 ಮೈಕ್ರೋಗ್ರಾಮನ್ನು, ಎಂದರೆ ಗ್ರಾಮಿನ ಕೋಟಿಯಲ್ಲೊಂದು ಪಾಲನ್ನು ಮೀರಕೂಡದೆಂದು 1941ರಲ್ಲಿ ನಿಯಮವಾಯಿತು. ಕೆಲವೇ ವರ್ಷಗಳಲ್ಲಿ ಪ್ಲುಟೋನಿಯಮ್ಮಿಗೆ ಕಟ್ಟಳೆ ಮಾಡಿದವರೂ ಇದನ್ನೇ ಆಧಾರವಾಗಿ ಹಿಡಿದರು. ಇಂದು ಇಂಥ ಧಾತುಗಳನ್ನಿಟ್ಟ ಪ್ರಯೋಗಶಾಲೆಯಲ್ಲಿ ಕೈಗವಸಿಲ್ಲದೆ ಮುಟ್ಟುವಂತಿಲ್ಲ, ತಿನ್ನುವಂತಿಲ್ಲ, ಕುಡಿಯುವಂತಿಲ್ಲ. ದ್ರವವನ್ನು ಬಾಯಿಂದ ನಳಿಗೆಗೆ ಹೀರುವಂತೆಯೂ ಇಲ್ಲ.