ದೋಣಿಗಾರ, ಕೃಷಿಕ, ಸಿಪಾಯಿ: ಮೂಲಪುರುಷರೊಬ್ಬರನ್ನು ಅರಸಿ

ನೇತ್ರಾವತಿಯ ದಡದಲ್ಲಿರುವ ನಮ್ಮ ಇಗರ್ಜಿಗೆ ನೂರು ವರುಷಗಳು ತುಂಬಿದ ಈ ಪುಣ್ಯಸಂದರ್ಭದಲ್ಲಿ, ಅದನ್ನು ಕಟ್ಟಿದವರ ಪೂರ್ವಜರನ್ನು ಸ್ಮರಿಸುವುದು ಉಚಿತವೆಂದು ಭಾವಿಸಿದ್ದೇವೆ. ನಮ್ಮ ಮನೆತನದ ಮೂಲಪುರುಷರ ಕಥೆಯೊಂದು ಬಾಯಿಂದ ಬಾಯಿಗೆ ಹರಿದುಬಂದಿದೆ. ಅವರು ಯೌವನದಲ್ಲಿ ಟಿಪ್ಪುಸುಲ್ತಾನನ ಸೈನ್ಯದಲ್ಲಿ ಸಿಪಾಯಿಯಾಗಿದ್ದರು. ಬಳಿಕ ಬಂಟ್ವಾಳಕ್ಕೂ ಮಂಗಳೂರಿಗೂ ನಡುವೆ ದೋಣಿ ನಡೆಸಿದರು. ಕೊನೆಗೆ ಗೇಣಿಗೆ ಗದ್ದೆ ಹಿಡಿದು ನೆಲೆನಿಂತರು. ಇದರಲ್ಲಿ ಸತ್ಯಾಂಶವೆಷ್ಟೆಂದು ಅರಿಯಲು ನಾವು ಹೊರಟೆವು.

ನಮ್ಮ ಇಗರ್ಜಿ ಸ್ಥಾಪನೆಯಾಗುವ ಮುನ್ನ ಬಾಳಿದವರ ಹೆಸರುಗಳು ಮಾತೃ ಇಗರ್ಜಿಯ ಪುಸ್ತಕಗಳಲ್ಲಿವೆ. ಜ್ಞಾನಸ್ನಾನ ಹಾಗೂ ವಿವಾಹಗಳನ್ನು ದಾಖಲಿಸಿಡಬೇಕೆಂದು ಟ್ರೆಂಟ್ ಮಹಾಸಭೆಯು 1563ರಲ್ಲಿಯೇ ವಿಧಿಸಿತ್ತು. ಆದರೆ 1784ರಲ್ಲಿ ಟಿಪ್ಪುಸುಲ್ತಾನನು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಇಗರ್ಜಿಗಳೂ ನೆಲಸಮವಾದವು. 1799ರ ಮೇ 4ರಂದು ಶ್ರೀರಂಗಪಟ್ಟಣವು ಪತನಗೊಂಡು, ಬದುಕುಳಿದವರು ಮರಳಿದ ಮೇಲೆಯೇ ನಮ್ಮಲ್ಲಿನ ಬಹುತೇಕ ಮನೆತನಗಳ ಲಿಖಿತ ಚರಿತ್ರೆ ಆರಂಭವಾಗುತ್ತದೆ.

ಹುಡುಕಾಟದಲ್ಲಿ ಮೊದಲ ತೊಡಕು ಹೆಸರಿನದು. ಮನೆಯಲ್ಲಿ ಜುವಾಂವ್ ಎನಿಸಿಕೊಂಡವನು ಪೋರ್ಚುಗೀಸ್ ಬರಹದಲ್ಲಿ ಜೊವಾಂವ್ ಆಗಿ, ಲ್ಯಾಟಿನ್ ಬರಹದಲ್ಲಿ ಯೊವಾನ್ನೆಸ್ ಆಗಿ ಕಾಣಿಸಿಕೊಳ್ಳುತ್ತಾನೆ. ಕುಲನಾಮವೂ ಹತ್ತಾರು ಮನೆಗಳಿಗೆ ಒಂದೇ. ಆದುದರಿಂದ ಹೆಸರೊಂದನ್ನೇ ನೆಚ್ಚದೆ, ಹೆಂಡತಿಯ ಹೆಸರು, ತಂದೆಯ ಹೆಸರು, ಜ್ಞಾನಪಿತ ಜ್ಞಾನಮಾತೆಯರ ಹೆಸರುಗಳನ್ನು ಒಂದಕ್ಕೊಂದು ತಾಳೆ ನೋಡಬೇಕಾಯಿತು.

ಈ ತಾಳೆಯಿಂದ ದೋಣಿಯ ಕಥೆಗೆ ಬಲ ಬಂದಿತು. ಅವರ ಮಕ್ಕಳ ಜ್ಞಾನಪಿತರಲ್ಲಿ ಹಲವರು ಹೊಳೆಯ ಮೇಲ್ದಂಡೆಯ ಬಂಟ್ವಾಳದ ಕಡೆಯವರು. ರಸ್ತೆಗಳು ವಿರಳವಾಗಿದ್ದ ಅಂದು ಘಟ್ಟದಿಂದ ಇಳಿದ ಸರಕು ಬಂಟ್ವಾಳದಲ್ಲಿ ದೋಣಿಯೇರುತ್ತಿತ್ತು. 1865ರಲ್ಲಿ ಬಾಸೆಲ್ ಮಿಶನ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಆವೆಮಣ್ಣೂ ಇದೇ ಹೊಳೆಯಲ್ಲಿ ಸಾಗಿತು. ಗದ್ದೆಯ ಕಥೆಗೂ ಸಾಕ್ಷಿ ದೊರೆಯಿತು. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಾಗ, ಏಳನೆಯ ನಮೂನೆಯ ಅರ್ಜಿಗಾಗಿ ನಮ್ಮ ಹಿರಿಯರು ಮರದ ಪೆಟ್ಟಿಗೆಯಿಂದ ಹೊರತೆಗೆದ ಹಳೆಯ ಗೇಣಿಚೀಟುಗಳಲ್ಲಿ ಅವರ ಹೆಸರಿದೆ.

ಸಿಪಾಯಿಯ ಕಥೆ ಮಾತ್ರ ನಿಲ್ಲಲಿಲ್ಲ. ಮರಣದ ಪುಸ್ತಕದಲ್ಲಿ ನಮೂದಾದ ವಯಸ್ಸನ್ನು ಲೆಕ್ಕಹಾಕಿದರೆ, ಅವರು ಹುಟ್ಟಿದ್ದು ಶ್ರೀರಂಗಪಟ್ಟಣ ಬಿದ್ದ ಮೇಲೆ. ಇದನ್ನು ತಿಳಿಸಿದಾಗ ಮನೆಯ ಹಿರಿಯರು ಮುಖ ಸಣ್ಣದು ಮಾಡಿದರು. ವಂಶದ ಕೀರ್ತಿಯನ್ನೇ ಕಸಿದುಕೊಂಡೆವೆಂಬ ಆಕ್ಷೇಪವನ್ನೂ ಕೇಳಬೇಕಾಯಿತು. ಆದರೆ ಮದುವೆಯ ನಮೂದಿನಲ್ಲಿ ಅವರ ತಂದೆಯ ಹೆಸರಿತ್ತು. ಆ ಹೆಸರನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಸೆರೆಯ ಕಾಲದಲ್ಲಿ ಯುವಕರನ್ನು ಬಲಾತ್ಕಾರವಾಗಿ ಸೈನ್ಯಕ್ಕೆ ಸೇರಿಸಿದ್ದುಂಟು. ಸಿಪಾಯಿಯಾಗಿದ್ದವರು ಈ ತಂದೆಯೇ ಇರಬೇಕೆಂದು ನಾವು ನಂಬಿದ್ದೇವೆ. ಹದಿನೈದು ವರುಷಗಳ ಸೆರೆಯನ್ನು ಕಂಡು ಮರಳಿದವನ ಬಾಳು ಮಗನ ಬಾಳಿನಲ್ಲಿ ಕರಗಿಹೋಗಿ, ಎರಡು ತಲೆಮಾರು ಒಂದೇ ಕಥೆಯಾಗಿತ್ತು. ನಾವು ಕಳೆದುಕೊಂಡದ್ದು ಒಂದು ಹೆಮ್ಮೆಯನ್ನು. ಮರಳಿ ಪಡೆದದ್ದು ಒಬ್ಬ ಅಜ್ಜನನ್ನು.

ನವೆಂಬರ್ 2ರ ಸಕಲ ಮೃತರ ದಿನದಂದು ಈಗ ನಮ್ಮ ಮನೆಯ ಪ್ರಾರ್ಥನೆಯಲ್ಲಿ ಆ ಹೆಸರೂ ಸೇರಿದೆ. ಪ್ರಿಯ ವಾಚಕರೇ, ಮಳೆಗಾಲದ ತೇವಕ್ಕೂ ಗೆದ್ದಲಿಗೂ ಕಾಗದದ ಮೇಲೆ ಕರುಣೆಯಿಲ್ಲ. ಹಿರಿಯರ ನೆನಪೂ ಶಾಶ್ವತವಲ್ಲ. ತಮ್ಮ ಮನೆಯ ಪೆಟ್ಟಿಗೆಗಳನ್ನು ತೆರೆದು ನೋಡಿರಿ, ಅಜ್ಜಿಯರನ್ನು ಕೇಳಿರಿ, ವಿಗಾರರ ಅಪ್ಪಣೆ ಪಡೆದು ಹಳೆಯ ಪುಟಗಳನ್ನು ನಕಲು ಮಾಡಿಕೊಳ್ಳಿರಿ. ಕರೆಯುವವರಿಲ್ಲದೆ ಆ ಪುಟಗಳಲ್ಲಿ ಕಾದಿರುವ ಹೆಸರುಗಳು ಇನ್ನೂ ಅನೇಕವಿವೆ.